ನಿಂಗಾಜಮ್ಮನ ಮಗ ನಾಟಕ ಮುಗಿಸಿದ್ದು

ಹೂಂಗುಟ್ಟೋರು ಯಾರಾದ್ರೂ ಇದ್ರೆ ಹೇಳ್ತೀನಿ. ನಡುವೆ ಎದ್ದು ಹೋಗೋರು ಈಗ್ಲೇ ಹೋಗಿ. ಆಮೇಲೆ ನನ್ನ ಬಾಯಿ ಒಳ್ಳೇದಲ್ಲ.

ನಾನು ನಮ್ಮೂರ ಕಲಾಕೇಂದ್ರದ ಬಾಗಿಲಲ್ಲಿ ಹೂ ಮಾರೋಳು. ಹಿಂದೆ ಅದು ಬೆಲ್ಲದ ಮಂಡಿ. ಊರೋರೆಲ್ಲ ಸೇರಿ ಸುಣ್ಣ ಬಳಿದು, ಸ್ಟೇಜ್ ಕಟ್ಟಿ, ಕಲಾಕೇಂದ್ರ ಅಂತ ಬೋರ್ಡ್ ಹಾಕಿದ್ರು. ಇರುವೆ ಮಾತ್ರ ಇನ್ನೂ ಬಿಟ್ಟು ಹೋಗಿಲ್ಲ. ಬೇಸಿಗೇಲಿ ಮಣ್ಣಿನ ಗೊಂಬೆ ಮಾಡೋದು ಕಲಿಸ್ತಾರೆ, ಮಳೆಗಾಲದಲ್ಲಿ ಹಾಡು, ದಸರಾಕ್ಕೆ ಕೋಲಾಟ, ಚಳಿಗಾಲಕ್ಕೆ ನಾಟಕ. ಒಂದೊಂದು ಕಾಲ ಮುಗಿದಾಗ್ಲೂ ಒಂದು ಕಾರ್ಯಕ್ರಮ, ಒಂದಷ್ಟು ಜನಕ್ಕೆ ಹಾರ. ಆ ಹಾರ ಎಲ್ಲಾ ನಾನು ಕಟ್ಟಿದ್ದು. ನನ್ನ ಕುತ್ತಿಗೆಗೆ ಇವತ್ತಿನವರೆಗೂ ಯಾರೂ ಒಂದು ಎಳೆ ಹಾಕಿಲ್ಲ. ಆ ಹೊಟ್ಟೆಕಿಚ್ಚು ನನಗೂ ಇದೆ, ಅದಕ್ಕೇ ನಿಂಗಾಜಮ್ಮನ ಸಂಕಟ ನನಗೆ ಅರ್ಥ ಆಗುತ್ತೆ.

ನಿಂಗಾಜಮ್ಮನಿಗೆ ಒಬ್ಬನೇ ಮಗ, ಮರಿಸಿದ್ದ. ಇಪ್ಪತ್ತೆರಡು ವರ್ಷ. ಆಳು ನೋಡಿದ್ರೆ ಆನೆ, ತಲೆಯೊಳಗೆ ಮಾತ್ರ ಒಂದು ಸಲಕ್ಕೆ ಒಂದೇ ಮಾತು ಹಿಡಿಯೋದು. ಹೇಳಿದ್ದನ್ನ ಮಾಡದೇ ಬಿಡೋನಲ್ಲ, ಎಲ್ಲಿ ಮಾಡಬೇಕು ಅನ್ನೋದು ಗೊತ್ತಾಗೋದಿಲ್ಲ. ಪಕ್ಕದ ಮನೇಲಿ ಅವಳ ವಾರಗಿತ್ತಿ ಜವರಮ್ಮ. ಜವರಮ್ಮನ ಮಗ ಶಿವನಂಜ, ಸಿದ್ದನ ವಾರಿಗೆಯೋನು. ಕಲಾಕೇಂದ್ರದಲ್ಲಿ ಏನೇ ಆಗ್ಲಿ, ಶಿವನಂಜನೇ ಮುಂದೆ. ಅವನಿಗೆ ಸಿಕ್ಕಿದ ಜರಿ ಶಾಲುಗಳನ್ನ ಜವರಮ್ಮ ವಾರಕ್ಕೊಂದು ಸಲ ಒಗೆದು, ನಿಂಗಾಜಮ್ಮನ ಬಾಗಿಲಿಗೆ ಎದುರಾಗಿ ಒಣಗಿ ಹಾಕೋಳು. ಶಾಲು ಯಾರಾದ್ರೂ ವಾರವಾರ ಒಗೀತಾರಾ? ನೀವೇ ಹೇಳಿ.

ನಿಂಗಾಜಮ್ಮನಿಗೆ ಅನ್ನ ಸೇರ್ತಿರಲಿಲ್ಲ. ನನ್ನ ಹತ್ರ ಬಂದು ಕೂತು ಅನ್ನೋಳು, ಒಂದೇ ಒಂದು ದಿನ ಈ ಊರು ಅವಳ ಮಗನನ್ನ ಬಿಟ್ಟು ನನ್ನ ಮಗನನ್ನ ನೋಡ್ಬೇಕು, ಅವಳು ಪಕ್ಕದಲ್ಲೇ ಕೂತಿರಬೇಕು, ಆಮೇಲೆ ನಾನು ಸತ್ರೂ ಸರಿ ಅಂತ.

ಹಂಗಾಗಿ ಬೇಸಿಗೇಲಿ ಸಿದ್ದನನ್ನ ಮಣ್ಣಿನ ಗೊಂಬೆ ಕಲಿಯೋಕೆ ಸೇರಿಸಿದ್ಲು. ಕಲಿಸೋ ಮೇಷ್ಟ್ರು ಏನು ಹೇಳಿದ್ರು, ಮಣ್ಣು ಒಣಗೋಕೆ ಬಿಡ್ಬೇಡ, ಆಗಾಗ ನೀರು ಹಚ್ಚು ಅಂತ. ಸಿದ್ದ ಒಂದು ಎತ್ತು ಮಾಡಿದ. ಸುಳ್ಳು ಹೇಳಬಾರದು, ಒಳ್ಳೇ ಎತ್ತು. ಡುಬ್ಬ, ಗಂಗೆದೊಗಲು, ಎಲ್ಲಾ ಇತ್ತು. ಪ್ರದರ್ಶನದ ದಿನ ಮೇಜಿನ ಮೇಲಿಟ್ಟು, ಕೆಳಗೆ ಹೆಸರು ಬರೆದು ಚೀಟಿ ಅಂಟಿಸಿದ್ರು. ನಿಂಗಾಜಮ್ಮ ಅದನ್ನ ಬೆಳಗ್ಗೆನೇ ನೋಡಿ, ವಾರಗಿತ್ತಿಯ ಕೈ ಹಿಡಿದು ಎಳ್ಕೊಂಡು ಬರೋಕೆ ಮನೆಗೆ ಓಡಿದ್ಲು.

ಸಿದ್ದ ಏನು ಮಾಡ್ದ? ಒಂದು ಚೊಂಬು ನೀರು ಹಿಡ್ಕೊಂಡು ಎತ್ತಿನ ಪಕ್ಕ ನಿಂತ. ಆಗಾಗ ಹಚ್ಚಿದ. ಫ್ಯಾನ್ ಗಾಳಿ ಬೀಸಿತು ಅಂತ ಇನ್ನೊಂದಿಷ್ಟು ಹಚ್ಚಿದ. ಮೊದಲು ಎತ್ತು ಮಂಡಿ ಊರಿತು. ಆಮೇಲೆ ಮಲಗಿತು. ಆಮೇಲೆ ಕೊಂಬು ಹೋಯ್ತು, ಡುಬ್ಬ ಹೋಯ್ತು. ಇಬ್ಬರು ಹೆಂಗಸರು ಬರೋ ಹೊತ್ತಿಗೆ ಮೇಜಿನ ಮೇಲೆ ಒಂದು ಮುದ್ದೆ, ಅದರ ಕೆಳಗೆ 'ಎತ್ತು, ಮಾಡಿದವರು ಮರಿಸಿದ್ದ' ಅಂತ ಚೀಟಿ.

ಜವರಮ್ಮ ಬಗ್ಗಿ ನೋಡಿ ಕೇಳಿದ್ಲು, "ಅಕ್ಕ, ಎತ್ತು ಎದ್ದು ಹೋಯ್ತಾ? ಸಗಣಿ ಮಾತ್ರ ಇದೆಯಲ್ಲ."

ಆ ಮಾತು ನಿಂಗಾಜಮ್ಮನಿಗೆ ಕಣ್ಣಿಗೆ ಮೆಣಸಿನಪುಡಿ ಎರಚಿದಂಗೆ ಆಯ್ತು. ಮನೆಗೆ ಬಂದು ಮಗನಿಗೆ ಮಂಗಳಾರತಿ ಎತ್ತಿದ್ಲು. ಏನೇ ಆಗ್ಲಿ, ಒಂದು ಸಲ ಚೆನ್ನಾಗಿ ಬಂತು ಅಂದ್ರೆ ಅದರ ತಂಟೆಗೆ ಹೋಗಬಾರದು ಕಣ್ಲಾ, ಬಟ್ಟೆ ಮುಚ್ಚಿ ಸುಮ್ನೆ ಕೂರಬೇಕು ಅಂದ್ಲು. ಆಗ್ಲಿ ಕಣವ್ವ ಅಂದ ಸಿದ್ದ.

ಮಳೆಗಾಲ ಬಂತು. ಹಾಡು ಕಲಿಯೋಕೆ ಹೋದ. ಗಂಟಲು ಮಾತ್ರ ದೇವರು ಕೊಟ್ಟಿದ್ದ, ಅವನು ಸ್ವರ ಎತ್ತಿದ್ರೆ ನನ್ನ ಹೂವಿನ ಬುಟ್ಟಿವರೆಗೂ ಕೇಳೋದು. ನಾಲ್ಕನೇ ದಿನ ಹಾಡಿನ ಮೇಷ್ಟ್ರು ಭೇಷ್, ಚೆನ್ನಾಗಿ ಬಂತು ಅಂದ್ರು. ಅಂದದ್ದೇ ತಡ, ಸಿದ್ದ ಹೆಗಲ ಮೇಲಿನ ಟವೆಲ್ ತೆಗೆದು ಬಾಯಿಗೆ ಬಿಗಿಯಾಗಿ ಕಟ್ಕೊಂಡು ಸುಮ್ನೆ ಕೂತ. ಮಳೆಗಾಲ ಅಲ್ವಾ, ಶೀತ ಆಗಿರಬೇಕು ಅಂದ್ಕೊಂಡ್ರು ಮೇಷ್ಟ್ರು. ಆರು ವಾರ ಶೀತ ಅಂದ್ಕೊಂಡ್ರು. ಮೇಷ್ಟ್ರ ಬುದ್ಧಿನೂ ಅಷ್ಟರಲ್ಲೇ ಇತ್ತು ಅನ್ನಿ.

ಕಾರ್ಯಕ್ರಮದ ದಿನ ಹದಿನಾರು ಜನ ಸಾಲಾಗಿ ನಿಂತ್ರು. ಹದಿನೈದು ಬಾಯಿ ತೆರೀತು. ಶಿವನಂಜನ ಬಾಯಿ ಎಲ್ಲರಿಗಿಂತ ಅಗಲ. ಸಿದ್ದ ಕಣ್ಣಷ್ಟೇ ಬಿಟ್ಕೊಂಡು, ಬಾಯಿಗೆ ಟವೆಲ್ ಕಟ್ಕೊಂಡು ನಿಂತಿದ್ದ. ಸಿದ್ದನಿಗೆ ಹಲ್ಲುನೋವಾ ಅಕ್ಕ ಅಂತ ಕೇಳಿದ್ಲು ಜವರಮ್ಮ. ಆ ಧ್ವನೀಲಿ ಎಷ್ಟು ಮರುಕ ಇತ್ತು ಅಂದ್ರೆ, ಕಪಾಳಕ್ಕೆ ಬಾರಿಸಬೇಕು ಅನ್ನಿಸ್ತು ನನಗೇ.

ಮನೆಗೆ ಬಂದ ನಿಂಗಾಜಮ್ಮ ತಲೆ ಚಚ್ಕೊಂಡ್ಲು. ಆಮೇಲೆ ನಾಲಿಗೆ ಸುಟ್ಟಂಗೆ ಆದ್ರೂ ತಡ್ಕೊಂಡು ಹೇಳಿದ್ಲು. ನಿನ್ನ ಬುದ್ಧಿ ಓಡಿಸಬೇಡ ಮಗ. ಶಿವನಂಜನನ್ನ ನೋಡ್ಕೋ. ಅವನು ಏನು ಮಾಡ್ತಾನೋ ನೀನೂ ಅದನ್ನೇ ಮಾಡು. ಆಗ್ಲಿ ಕಣವ್ವ ಅಂದ ಸಿದ್ದ.

ದಸರಾಕ್ಕೆ ಕೋಲಾಟ. ಶಿವನಂಜ ಬಗ್ಗಿದ್ರೆ ಇವನು ಬಗ್ಗಿದ, ಅವನು ಎಗರಿದ್ರೆ ಇವನು ಎಗರಿದ, ಒಂದು ಹೆಜ್ಜೆ ತಪ್ಪಲಿಲ್ಲ. ನಿಂಗಾಜಮ್ಮ ಮುಂದಿನ ಸಾಲಲ್ಲಿ ಕೂತು ಸೆರಗಿನ ತುದಿ ಕಚ್ಕೊಂಡು ನಗ್ತಿದ್ಲು. ಕೋಲಾಟ ಅಲ್ಲಿಗೇ ಮುಗಿದಿದ್ರೆ ಈ ಕತೆನೂ ಅಲ್ಲಿಗೇ ಮುಗೀತಿತ್ತು.

ಶಾಲು ಹೊದಿಸೋಕೆ ಕಲಾಕೇಂದ್ರದ ಅಧ್ಯಕ್ಷರು ಶಿವನಂಜನ ಹೆಸರು ಕೂಗಿದ್ರು. ಅವನು ಹೋದ, ಇವನೂ ಹೋದ. ಅವನು ಶಾಲಿಗೆ ಕತ್ತು ಬಗ್ಗಿಸಿದ, ಇವನೂ ಅದೇ ಶಾಲಿಗೆ ಕತ್ತು ಬಗ್ಗಿಸಿದ. ಇರೋದು ಒಂದು ಶಾಲು, ಅಧ್ಯಕ್ಷರು ಇಬ್ಬರಿಗೂ ಸೇರಿಸಿ ಹೊದಿಸಿದ್ರು. ಶಿವನಂಜ ಕೆಳಗಿಳಿದು ಬಂದು, ಫೋಟೋದೋನು ಬಂದ್ನಾ ಅಂತ ನೋಡಿ, ಜವರಮ್ಮನ ಕಾಲಿಗೆ ಬಿದ್ದು ಆಶೀರ್ವಾದ ಮಾಡವ್ವ ಅಂದ. ಪಕ್ಕದ ಕುರ್ಚೀಲಿ ನಿಂಗಾಜಮ್ಮ ತನ್ನ ಎರಡು ಕಾಲನ್ನೂ ಮುಂದೆ ಚಾಚಿಟ್ಕೊಂಡು ಕಾಯ್ತಿದ್ಲು. ಸಿದ್ದ ಬಂದ. ಜವರಮ್ಮನ ಕಾಲಿಗೆ ಬಿದ್ದ. ಆಶೀರ್ವಾದ ಮಾಡವ್ವ ಅಂದ. ಜವರಮ್ಮ ಎರಡು ತಲೆ ಮೇಲೂ ಕೈಯಿಟ್ಲು.

ಅಷ್ಟಕ್ಕೇ ನಿಂತ್ರೆ ಸರಿ. ಶಿವನಂಜ ಅವನ ಮನೆಗೆ ಹೋದ, ಇವನೂ ಅವನ ಮನೆಗೇ ಹೋದ. ಅವನು ಉಂಡ, ಇವನೂ ಉಂಡ. ಅವನು ಕೈ ತೊಳೆದು ಚಾಪೆ ಮೇಲೆ ಉರುಳಿದ, ಇವನೂ ಉರುಳಿದ. ಇತ್ಲಾಗೆ ನಿಂಗಾಜಮ್ಮ ಮುದ್ದೆ ಇಳಿಸಿ, ಸೊಪ್ಪಿನ ಸಾರು ಬಿಸಿ ಮಾಡಿ, ಆರಿತು ಅಂತ ಮತ್ತೆ ಬಿಸಿ ಮಾಡಿ ಕೂತೇ ಇದ್ಲು. ಕೊನೆಗೆ ಹೋಗಿ ವಾರಗಿತ್ತಿ ಮನೆ ಚಾಪೆಯಿಂದ ಮಗನನ್ನ ಎಬ್ಬಿಸಿ ಎಳ್ಕೊಂಡು ಬಂದ್ಲು. ಅವತ್ತು ಅವಳು ಬೈಯಲಿಲ್ಲ, ಅತ್ಲು.

"ಹೆತ್ತೋಳು ನಾನು ಕಣ್ಲಾ. ಇನ್ಮೇಲೆ ಯಾರ ಮುಖಾನೂ ನೋಡ್ಬೇಡ, ನನ್ನ ಮುಖ ನೋಡು. ನಾನು ಏನು ಅಂದ್ರೆ ಅದನ್ನ ಅನ್ನು, ನಾನು ಏನು ಮಾಡಿದ್ರೆ ಅದನ್ನ ಮಾಡು."

ಸಿದ್ದ ಆಗ್ಲಿ ಕಣವ್ವ ಅಂದ.

ಚಳಿಗಾಲಕ್ಕೆ ಕುರುಕ್ಷೇತ್ರ ನಾಟಕ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಶುರು. ದುರ್ಯೋಧನ ಯಾರು ಅಂತ ಕೇಳ್ಬೇಡಿ, ಶಿವನಂಜನೇ. ಸಿದ್ದನಿಗೆ ಕೌರವ ಸೈನಿಕನ ಪಾರ್ಟು. ಮಾತಿಲ್ಲ, ಈಟಿ ಹಿಡ್ಕೊಂಡು ನಿಲ್ಲೋದು. ಅಲ್ಲಾಡದೆ ನಿಲ್ತಾನೆ ಅಂತ ಹಾರ್ಮೋನಿಯಂ ಮೇಷ್ಟ್ರು ಚಿಕ್ಕಲಿಂಗಯ್ಯ ಅವನನ್ನೇ ಮುಂದೆ ನಿಲ್ಲಿಸಿ, ಹಿಂದಿನ ಆರು ಜನ ಸೈನಿಕರಿಗೆ, ಸಿದ್ದ ಮಾಡಿದಂಗೆ ಮಾಡಿ, ಅಷ್ಟು ಸಾಕು ಅಂತ ಹೇಳಿದ್ರು. ಪ್ರಾಕ್ಟೀಸ್‌ನಲ್ಲಿ ಎಲ್ಲಾ ಸರಿಯಾಗೇ ನಡೀತು. ಯಾಕಂದ್ರೆ ಪ್ರಾಕ್ಟೀಸ್‌ಗೆ ನಿಂಗಾಜಮ್ಮ ಬಂದಿರಲಿಲ್ಲ.

ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ. ರಾಜ ಹಾಡ್ತಾ ಇರೋವಾಗ್ಲೇ ಮನೆಯೋರು ಸ್ಟೇಜ್ ಹತ್ತಿ ಹಾರ ಹಾಕ್ತಾರೆ. ರಾಜ ಹಾಡು ನಿಲ್ಲಿಸಿ ಕತ್ತು ಕೊಡ್ತಾನೆ, ಹಾರ್ಮೋನಿಯಂ ಹಂಗೇ ನುಡೀತಾ ಇರುತ್ತೆ, ಆಮೇಲೆ ಬಿಟ್ಟ ಕಡೆಯಿಂದ ಹಾಡು. ಜವರಮ್ಮ ನನ್ನ ಹತ್ರ ಆಳುದ್ದದ ಸುಗಂಧರಾಜ ಹಾರ ಹೇಳಿದ್ಲು. ಎರಡು ದಿನ ಕಟ್ಟಿದ್ದೀನಿ, ಬೆರಳು ನೋಡಿ ಬೇಕಾದ್ರೆ.

ಎರಡನೇ ಸೀನು. ಕೌರವನ ಸಭೆ. ದುರ್ಯೋಧನ ಹಾಡು ಎತ್ತಿದ. ಜವರಮ್ಮ ಮುಂದಿನ ಸಾಲಿಂದ ಎದ್ದು, ಹಾರ ಹೊತ್ಕೊಂಡು ಮೆಟ್ಟಿಲು ಹತ್ತಿದ್ಲು. ಪಕ್ಕದ ಕುರ್ಚೀಲಿ ನಿಂಗಾಜಮ್ಮ. ಅವಳಿಗೆ ತಡೀಲಿಲ್ಲ. ಯಾರಿಗೂ ಕೇಳಲ್ಲ ಅಂದ್ಕೊಂಡು ಹಲ್ಲು ಕಚ್ಕೊಂಡು ಗೊಣಗಿದ್ಲು, ಅವಳ ಮಗನಿಗೆ ಹಾರ, ನನ್ನ ಮಗನಿಗೆ ಈಟಿ ಅಂತ.

ಸಿದ್ದ ಅವಳ ಮುಖಾನೇ ನೋಡ್ತಾ ನಿಂತಿದ್ದ. ಅವನ ತಲೆ ಮೇಲೇ ಮೈಕು ನೇತಾಡ್ತಿತ್ತು. ಗಂಟಲು ದೇವರು ಕೊಟ್ಟದ್ದು ಅಂತ ಹೇಳಿದ್ನಲ್ಲ.

"ಅವಳ ಮಗನಿಗೆ ಹಾರ, ನನ್ನ ಮಗನಿಗೆ ಈಟಿ!"

ಹಿಂದಿನ ಆರು ಜನ ಸೈನಿಕರೂ ಒಟ್ಟಿಗೆ ಅದನ್ನೇ ಅಂದ್ರು. ಅಯ್ಯೋ, ಹೊಟ್ಟೆಕಿಚ್ಚು ಹೊರಗೆ ಬಿತ್ತಲ್ಲಪ್ಪ ಅಂದ್ಲು ನಿಂಗಾಜಮ್ಮ. ಅಯ್ಯೋ, ಹೊಟ್ಟೆಕಿಚ್ಚು ಹೊರಗೆ ಬಿತ್ತಲ್ಲಪ್ಪ ಅಂತು ಕೌರವ ಸೈನ್ಯ. ಅವಳು ಬಾಯಿ ಮೇಲೆ ಕೈಯಿಟ್ಕೊಂಡ್ಲು. ಏಳು ಜನ ಸೈನಿಕರು ಬಾಯಿ ಮೇಲೆ ಕೈಯಿಟ್ಕೊಂಡ್ರು. ಜನ ನಕ್ಕು ನಕ್ಕು ಕುರ್ಚಿ ಮೇಲೆ ಹತ್ತಿ ನಿಂತು, ಒನ್ಸ್ ಮೋರ್ ಅಂತ ಕೂಗೋಕೆ ಶುರು ಮಾಡಿದ್ರು.

ನಿಂಗಾಜಮ್ಮ ಎದ್ದು ಓಡಿದ್ಲು. ಇನ್ನೇನು ಮಾಡ್ತಾಳೆ, ಮಾನ ಇರೋಳು. ಸಿದ್ದ ಸ್ಟೇಜಿಂದ ದುಮುಕಿ ಓಡಿದ. ಆರು ಜನ ಸೈನಿಕರು ಈಟಿ ಸಮೇತ ದುಮುಕಿ ಅವನ ಹಿಂದೆ ಓಡಿದ್ರು. ಇದನ್ನ ನೋಡದೆ ಬಿಡೋದುಂಟಾ ಅಂತ ಜನಾನೂ ಎದ್ದು ಹೊರಗೆ ಓಡಿದ್ರು. ಯುದ್ಧ ಶುರುವಾಗೋಕೆ ಮೊದಲೇ ಕೌರವ ಸೈನ್ಯ ಪರಾರಿ. ಒಳಗೆ ದುರ್ಯೋಧನ ಒಬ್ಬನೇ, ಖಾಲಿ ಕುರ್ಚಿಗೆ ಹಾಡ್ತಿದ್ದ.

ಕಲಾಕೇಂದ್ರದ ಎದುರಿಗೆ ಬೇವಿನ ಮರದ ಕಟ್ಟೆ ಇದೆ. ನಿಂಗಾಜಮ್ಮ ಅದರ ಮೇಲೆ ಕುಸಿದು ಕೂತು ಗೊಳೋ ಅಂತ ಅತ್ಲು. ಸಿದ್ದ ಪಕ್ಕದಲ್ಲಿ ಕೂತು ಗೊಳೋ ಅಂತ ಅತ್ತ. ಸೈನ್ಯಾನೂ ಸಾಲಾಗಿ ಕೂತು ಅತ್ತಿತು. ಒಬ್ಬನ ಮೀಸೆ ಕಣ್ಣೀರಿಗೆ ಕಿತ್ಕೊಂಡು ಬಂತು. ಊರೆಲ್ಲಾ ಸುತ್ತ ನಿಂತು ಸಿದ್ದನನ್ನೇ ನೋಡ್ತಿತ್ತು.

ಜನರನ್ನ ಸರಿಸ್ಕೊಂಡು ಜವರಮ್ಮ ಬಂದ್ಲು. ಹಾರ ಇನ್ನೂ ಅವಳ ಕೈಯಲ್ಲೇ ಇತ್ತು. ಈಗ ಕೂದಲು ಹಿಡ್ಕೋತಾರೆ ಅಂದ್ಕೊಂಡು ನಾನು ಬುಟ್ಟಿ ಪಕ್ಕಕ್ಕೆ ಇಟ್ಟೆ. ನೋಡಬೇಕು ಅಂತ ಆಸೆನೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವಳು ಕಟ್ಟೆ ಹತ್ರ ನಿಂತು ಮೆತ್ತಗೆ ಅಂದ್ಲು:

"ನನಗೂ ಹೊಟ್ಟೆಕಿಚ್ಚು ಇದೆ ಅಕ್ಕ. ನಿನ್ನ ಮಗ ನೀನು ಅತ್ರೆ ಅಳ್ತಾನೆ. ನನ್ನೋನು ಫೋಟೋದೋನು ಇದ್ರೆ ಮಾತ್ರ ಕಾಲಿಗೆ ಬೀಳೋದು. ಈಗ ಹಾರ ಹಾಕೋಕೆ ಹೋದ್ರೆ, ಲೈಟಿಗೆ ಅಡ್ಡ ಬರ್ಬೇಡ, ಆ ಕಡೆ ಸರಿ ಅಂದ."

ನಿಂಗಾಜಮ್ಮನ ಅಳು ನಿಂತಿತು. ಸೈನ್ಯದ ಅಳೂ ನಿಂತಿತು. ನಿಂಗಾಜಮ್ಮ ಒಂದು ಮಾರು ಪಕ್ಕಕ್ಕೆ ಸರಿದು, ಕೂತ್ಕೋ ಬಾ ಅಂದ್ಲು. ಸೈನ್ಯವೆಲ್ಲ ಒಂದು ಮಾರು ಸರಿದು, ಕೂತ್ಕೋ ಬಾ ಅಂತು. ಕೊನೇಲಿದ್ದೋನು ಕಟ್ಟೆಯಿಂದ ಕೆಳಗೆ ಬಿದ್ದ. ಇಬ್ಬರು ಹೆಂಗಸರೂ ಅದನ್ನ ನೋಡಿ ನಕ್ರು. ಹಾರ ಅಲ್ಲೇ ಕಟ್ಟೆ ಮೇಲೆ ಬಾಡ್ತು, ನನ್ನ ಎರಡು ದಿನದ ಕೆಲಸ.

ಒಳಗಿಂದ ಚಿಕ್ಕಲಿಂಗಯ್ಯ ಕೂಗೋದು ಕೇಳಿಸ್ತು. ಸೈನಿಕರು ಎಲ್ರಯ್ಯ ಅಂತ. ನಿಂಗಾಜಮ್ಮ ಮೂಗು ಒರೆಸ್ಕೊಂಡು, ಮಗನ ಪೇಟ ಸರಿ ಮಾಡಿ, ಬೆನ್ನು ತಟ್ಟಿ ಹೇಳಿದ್ಲು.

"ಇನ್ನು ನನ್ನ ಮುಖ ನೋಡಿದ್ದು ಸಾಕು ಕಣ್ಲಾ ಮಗ. ಹೋಗು, ನಾಟಕ ಮುಗಿಸಿ ಬಾ."

ಆಗ್ಲಿ ಕಣವ್ವ ಅಂದ ಸಿದ್ದ. ಸೈನ್ಯ ಕರ್ಕೊಂಡು ಒಳಗೆ ಹೋದ. ಜನಾನೂ ಬಂದು ಕೂತ್ರು. ದುರ್ಯೋಧನ ತೊಡೆ ತಟ್ಟಿ, ಹಾಡು ಮೊದಲಿಂದ ಎತ್ತಿದ. ಸಿದ್ದ ನೆಟ್ಟಗೆ ಹೋಗಿ ಪರದೆ ಹಗ್ಗ ಹಿಡಿದು ಜಗ್ಗಿದ. ಪರದೆ ದಡಾರ್ ಅಂತ ಬಿತ್ತು. ಆಮೇಲೆ ಪರದೆ ಮುಂದೆ ಬಂದು ಕೈ ಮುಗಿದು, ನಾಟಕ ಮುಗೀತು, ಎಲ್ಲರೂ ಮನೆಗೆ ಹೋಗಿ ಉಣ್ಣಿ ಅಂದ. ಚಿಕ್ಕಲಿಂಗಯ್ಯನಿಗೆ ನಲವತ್ತು ವರ್ಷದ ಅಭ್ಯಾಸ. ಪರದೆ ಬಿದ್ದದ್ದು ನೋಡಿ ಕೈ ತಾನಾಗೇ ಮಂಗಳ ನುಡಿಸಿಬಿಡ್ತು. ಮಂಗಳ ಆದ್ಮೇಲೆ ಯಾರು ಕೂತಿರ್ತಾರೆ? ಜನ ಎದ್ದು, ಕೈ ಮುಗಿದು, ಚಪ್ಪಲಿ ಹುಡುಕೋಕೆ ಹೊರಟ್ರು. ಭೀಮ ಒಳಗೆ ಇನ್ನೂ ಬಣ್ಣ ಹಚ್ಕೋತಾ ಇದ್ದ.

ಎಲ್ಲರ ಊರಲ್ಲೂ ಕುರುಕ್ಷೇತ್ರ ಆಡ್ತಾರೆ, ಎಲ್ಲರ ಊರಲ್ಲೂ ಅಣ್ಣತಮ್ಮಂದಿರ ಮಕ್ಕಳು ಹೊಡೆದಾಡಿ ಸಾಯ್ತಾರೆ. ನಮ್ಮೂರಲ್ಲಿ ಆ ವರ್ಷ ಯುದ್ಧ ಆಗ್ಲೇ ಇಲ್ಲ. ಕೌರವರೂ ಉಳಿದ್ರು, ಪಾಂಡವರೂ ಉಳಿದ್ರು, ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಅವರವರ ಮನೆಗೆ ಹೋಗಿ ಉಂಡ್ರು.