ಬೋಳುಗುಡ್ಡದಿಂದ ಬಂದ ಫೋನು

ಹೂಂ ಅಂತೀರಾ? ಹಾಗಾದ್ರೆ ಹೇಳ್ತೀನಿ.

ಹೊನ್ನವ್ವನಿಗೆ ಒಬ್ಬನೇ ಮಗ, ಗವಿಯ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ನಾನು ಹೋದ ಮೇಲೆ ಇವನ ಗತಿ ಏನಪ್ಪಾ!" ಅಂತ ಹೊನ್ನವ್ವ ಅತ್ತೂ ಕರೆದೂ, ಬೋಳುಗುಡ್ಡದ ಮೇಲೆ ಮಳೆ ಅಳೆಯೋ ಕೋಣೆಗೆ ಅವನನ್ನ ಕಾವಲಿಗೆ ಸೇರಿಸಿದಳು. ಅಲ್ಲಿ ನರಪಿಳ್ಳೆ ಇಲ್ಲ. ಒಂದು ಲಿನಕ್ಸ್ ಕಂಪ್ಯೂಟರು, ಒಂದು ಫೋನು, ಗವಿಯ. ಅಷ್ಟೇ.

ಪಟ್ಟಣದ ಆಫೀಸಿನ ವಾರಿಜಾ ಮೇಡಂ ಬಂದು ಹೇಳಿದರು: "ಇದು ಆಫ್ ಆದ್ರೆ ಮಳೆ ಲೆಕ್ಕ ತಪ್ಪುತ್ತೆ. ಹೊಳೆ ಉಕ್ಕೋದು ಕೆಳಗಿನ ಊರಿಗೆ ಗೊತ್ತೇ ಆಗಲ್ಲ. ಇದರ ಮೇಲೆ ಕಣ್ಣಿಟ್ಟಿರು."

ಅವರು ನೀರು ಕುಡಿದು ಬರೋಷ್ಟರಲ್ಲಿ ಗವಿಯ ಪರದೆಗೆ ಕಣ್ಣು ಒತ್ತಿಕೊಂಡು ನಿಂತಿದ್ದ!

"ಅಯ್ಯೋ ಪೆದ್ದೇ! ಯಾವಾಗ ಆಫ್ ಆಯ್ತು, ಯಾವಾಗ ಆನ್ ಆಯ್ತು ಅಂತ ಅದನ್ನೇ ಕೇಳಬೇಕು!"

"ಯಾವಾಗ ಎದ್ದೆಯಪ್ಪಾ?" ಗವಿಯ ಬಗ್ಗಿ ಕೇಳಿದ.

"ಬಾಯಲ್ಲಲ್ಲ, ಬೆರಳಲ್ಲಿ ಕೇಳಯ್ಯ!" ಮೇಡಂ ಕೀಬೋರ್ಡಿನಲ್ಲಿ 'ಲಾಸ್ಟ್ ರೀಬೂಟ್' ಅಂತ ಒತ್ತಿ ತೋರಿಸಿದರು. ಕಂಪ್ಯೂಟರು ಎದ್ದ ದಿನ, ಎದ್ದ ಹೊತ್ತು ಸಾಲಾಗಿ ಬಂತು, ಹೊಸದು ಮೇಲೆ, ಹಳೇದು ಕೆಳಗೆ.

ಆಮೇಲೆ ಹೊನ್ನವ್ವ ಬುತ್ತಿ ಹೊತ್ತು ಗುಡ್ಡ ಹತ್ತಿದಳು. ಗವಿಯನ ಬಾಯಲ್ಲಿ ಮಾತಿಲ್ಲ. ಅವ್ವನ ಬೆನ್ನ ಮೇಲೆ ಟಕಟಕ ಟಕಟಕ ಬೆರಳು ಕುಟ್ಟಿದ.

"ಏನೋ ಇದು!"

"ಯಾವಾಗ ಎದ್ದೆ ಅಂತ ಕೇಳ್ದೆ ಕಣವ್ವಾ!"

"ನಿನ್ನ ತಲೆ! ಮನಸ್ಸಿಗೆ ಬಂದದ್ದನ್ನ ಬಾಯಿ ಬಿಟ್ಟು ಹೇಳೋ!"

ಅವ್ವ ಇಳಿದು ಹೋದಳು. ಗವಿಯ ಫೋನೆತ್ತಿದ. "ಮೇಡಂ, ಕಾಗೆ ಬಂತು!" "ಮೇಡಂ, ಕಾಗೆ ಹೋಯ್ತು!" "ಮೇಡಂ, ಈಗ ಯಾರೂ ಇಲ್ಲ!"

"ತಲೆ ತಿನ್ಬೇಡ! ಕಂಪ್ಯೂಟರ್ ಆಫ್ ಆಗಿ ಆನ್ ಆದ್ರೆ ಮಾತ್ರ ಫೋನ್ ಮಾಡು!"

ಅದು ಆಫ್ ಆಗಲೇ ಇಲ್ಲ. ಬೆಳಗ್ಗೆ ಒತ್ತಿ ನೋಡಿದ, ಅದೇ ಸಾಲು. ಸಂಜೆ ಒತ್ತಿ ನೋಡಿದ, ಅದೇ ಸಾಲು. ಅವ್ವನಿಗೆ ಮಂಡಿ ನೋವು, ಮತ್ತೆ ಗುಡ್ಡ ಹತ್ತಲಿಲ್ಲ. ಗವಿಯನಿಗೆ ತನ್ನ ದನಿಯೇ ಮರೆತುಹೋದ ಹಾಗಾಯ್ತು. ಒಂದು ದಿನ ಎದ್ದವನೇ ಸ್ವಿಚ್ ಒತ್ತಿದ, ಆಫ್. ಮತ್ತೆ ಒತ್ತಿದ, ಆನ್.

"ಮೇಡಂ, ಆಫ್ ಆಗಿ ಆನ್ ಆಯ್ತು! ತಿಂಡಿ ಆಯ್ತಾ?"

ಮತ್ತೆ ಆಫ್, ಮತ್ತೆ ಆನ್, ಮತ್ತೆ ಫೋನು!

ಮೇಡಂ ಗಾಬರಿಬಿದ್ದು ಜೀಪಿನಲ್ಲಿ ಬಂದರು. 'ಲಾಸ್ಟ್ ರೀಬೂಟ್' ಒತ್ತಿದರು. ಪರದೆ ತುಂಬಾ ಇವತ್ತಿನದೇ ಸಾಲು.

"ಕರೆಂಟ್ ಹೋಗಿತ್ತಾ?"

"ಇಲ್ಲ ಮೇಡಂ. ನಾನೇ ಆರಿಸ್ದೆ. ಆಫ್ ಆಗದೆ ಫೋನ್ ಮಾಡ್ಬೇಡ ಅಂದ್ರಲ್ಲ. ಮಾತಾಡ್ಬೇಕು ಅನ್ನಿಸ್ತು."

"ಆಗ ಮಳೆ ಹೊಡೆದಿದ್ರೆ ಊರೇ ಮುಳುಗ್ತಿತ್ತಲ್ಲಯ್ಯಾ!"

ಕೆಲಸ ಬಿಟ್ಟು ಹೋಗು ಅನ್ನಬೇಕು ಅಂತ ಬಾಯಿ ತೆರೆದವರು, ಮೂಲೆಯ ಒಂದು ಚಾಪೆ, ಒಂದು ತಟ್ಟೆ ನೋಡಿ ನಿಂತುಬಿಟ್ಟರು. ದನಿ ಇಳಿಸಿ ಹೇಳಿದರು: "ಸ್ವಿಚ್ ಮುಟ್ಬೇಡ. ಏನೂ ಆಗದಿದ್ರೂ ಪರವಾಗಿಲ್ಲ, ದಿನಾ ಬೆಳಗ್ಗೆ ನಂಗೆ ಸುಮ್ಮನೆ ಫೋನ್ ಮಾಡು."

ಮಾರನೇ ಬೆಳಗ್ಗೆ ಮೇಡಂ ಫೋನು ಬಡಕೊಂಡಿತು.

"ಹಲೋ! ಗವಿಯಾ? ಹಲೋ!"

ಮಾತಿಲ್ಲ. ಬರೀ ಗುಡ್ಡದ ಗಾಳಿ. ಮೇಡಂ ಫೋನ್ ಇಡಲಿಲ್ಲ, ಕಿವಿಗೇ ಹಿಡಿದುಕೊಂಡು ಕೂತರು.

ಅಲ್ಲಿ ಗವಿಯ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದ. ಸುಮ್ಮನೆ!