ಸಾಸಿವೆಯಷ್ಟು ಗರಣೆ

ನದಿ ದಂಡೆಯ ಆಶ್ರಮವೊಂದರಲ್ಲಿ ಕಣ್ಣಿನ ಆಸ್ಪತ್ರೆಯಿತ್ತು. ಗುರುಗಳೇ ಅಲ್ಲಿನ ವೈದ್ಯರು. ಅವರಲ್ಲಿ ಶಸ್ತ್ರಚಿಕಿತ್ಸೆ ಕಲಿತ ಶಿಷ್ಯ ಚಿದಂಬರನಿಗೆ ಚೊಕ್ಕಟತನದ ಹುಚ್ಚು. ಅವನು ಗುಡಿಸಿದ ಅಂಗಳಕ್ಕೆ ಎಲೆ ಉದುರಲೂ ಹೆದರಬೇಕು.

ಒಂದು ದಿನ ದ್ಯಾವಮ್ಮ ಎಂಬಾಕೆ ಬಂದಳು. ಹಾಲು ಕರೆಯುವಾಗ ಹಸುವಿನ ಕೊಂಬು ತಗುಲಿ ಬಲಗಣ್ಣಿನೊಳಗೆ ರಕ್ತ ತುಂಬಿತ್ತು. ತಲೆ ಎತ್ತರಕ್ಕಿಟ್ಟು ಮಲಗಿಸಿ ಕಾದರು. ರಕ್ತ ಕರಗಲಿಲ್ಲ, ಕಣ್ಣಿನೊಳಗಿನ ಒತ್ತಡ ಏರುತ್ತಲೇ ಹೋಯಿತು.

"ಚಿಕ್ಕದಾಗಿ ಕೊಯ್ದು ರಕ್ತ ತೊಳೆದು ತೆಗೆ," ಎಂದರು ಗುರುಗಳು. "ಹೆಪ್ಪುಗಟ್ಟಿ ಅಂಟಿಕೊಂಡ ಗರಣೆಯನ್ನು ಮಾತ್ರ ಎಳೆಯಬೇಡ. ಅದು ತಾನೇ ಕರಗುತ್ತೆ."

ಚಿದಂಬರ ಚೆನ್ನಾಗಿಯೇ ತೊಳೆದ. ಕೊನೆಗೆ ಸಾಸಿವೆಯಷ್ಟು ಗರಣೆ ಉಳಿಯಿತು. ಕೈ ಸುಮ್ಮನಿರಬೇಕಲ್ಲ, ಎಳೆದೇಬಿಟ್ಟ.

ಹೊಸ ರಕ್ತ ಬಂತು. ಗುರುಗಳು ಓಡಿ ಬಂದು ಹೇಗೋ ನಿಲ್ಲಿಸಿದರು. ಅಷ್ಟರಲ್ಲಿ ಕಣ್ಣಲ್ಲಿ ಮತ್ತೆ ರಕ್ತ ತುಂಬಿತ್ತು.

ಮರುದಿನ ಪಟ್ಟಿ ಬಿಚ್ಚಿದಾಗ ದ್ಯಾವಮ್ಮ ಕೇಳಿದಳು: "ಏನೂ ಕಾಣವಲ್ದು. ಯಾಕ್ರಿ ಸ್ವಾಮಿ?"

"ನೀವು ಅಲುಗಾಡಿರಬೇಕು, ತಾಯಿ," ಎಂದುಬಿಟ್ಟ ಚಿದಂಬರ.

"ಹೌದ್ರಿ, ಕೆಮ್ಮು ಬಂದಿತ್ತು. ತಡಕೋಬೇಕಿತ್ತು. ನಂದ ತಪ್ಪು."

ಅಂದಿನಿಂದ ಅವಳು ಕುತ್ತಿಗೆ ಹೊರಳಿಸಲಿಲ್ಲ. ಗೋಡೆಗೊರಗಿ ಕೂತೇ ಇದ್ದಳು. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಒದ್ದಾಡುತ್ತಿದ್ದಳು. ಅದನ್ನು ಕಂಡ ಚಿದಂಬರನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅವನು ಗುರುಗಳ ಕಾಲು ಹಿಡಿದ.

"ನಾಚಿಕೆಯಿಂದ ಸಾಯುತ್ತಿದ್ದೇನೆ. ಉಪವಾಸ ಮಾಡಲೇ?"

"ನೀನು ಹಸಿದುಕೊಂಡರೆ ಅವಳಿಗೆ ಕಣ್ಣು ಕಾಣುತ್ತೇನು?"

"ಹಾಗಾದರೆ ನೀವೇ ಅವಳಿಗೆ ಹೇಳಿ. ನನಗೆ ಮುಖವಿಲ್ಲ."

"ನಿನ್ನ ತಪ್ಪಲ್ಲ ತಾಯಿ ಎಂದು ಹೇಳಿ ನೋಡಿದೆ. 'ದೊಡ್ಡವರು, ಸಮಾಧಾನಕ್ಕ ಹೇಳ್ತೀರಿ' ಅಂದಳು."

ಚಿದಂಬರ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದ.

"ನಾಳೆ ಆ ಕಣ್ಣನ್ನು ಮತ್ತೆ ತೊಳೆಯಬೇಕು," ಎಂದರು ಗುರುಗಳು. "ನಿಜ ಕೇಳಿದ ಮೇಲೂ ಅವಳು ಒಪ್ಪಿದರೆ ನೀನೇ ಮಾಡು."

"ನಿಜ ತಿಳಿದ ಮೇಲೆ ನನ್ನ ಕೈಗೆ ಕಣ್ಣು ಕೊಡುತ್ತಾಳೆಯೇ, ಗುರುಗಳೇ?"

ಗುರುಗಳು ಅವನ ಹಿಡಿತದಿಂದ ಕಾಲು ಬಿಡಿಸಿಕೊಂಡರು.

"ಕೊಡದಿದ್ದರೆ ತೊಳೆಯಲು ನಾನಿದ್ದೇನೆ. ಅವಳ ತಪ್ಪಲ್ಲವೆಂದು ಅವಳನ್ನು ನಂಬಿಸಲು ನೀನೊಬ್ಬನೇ ಇರುವುದು."