ಒದ್ದೆ ಮಡಿಯ ಮೂರು ಒಗಟು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಕಂಚಲಾದೇವಿ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳ ಕೈ, ಅದು ಬೇಡವೆಂದರೆ ಬಾಯಿಬಿಟ್ಟು ಕೇಳಿದ್ದು. ತಪ್ಪಿದವನ ತಲೆ ಅಮಾವಾಸ್ಯೆಯ ದಿನ ಕೋಟೆ ಬಾಗಿಲಲ್ಲಿ ಉರುಳುತ್ತದೆ!"

ಡಂಗುರದವನು ಹೀಗೆ ಸಾರಿಕೊಂಡು ಹೋದಾಗ ಅಂತಃಪುರದ ಕಿಟಕಿಯಲ್ಲಿ ನಿಂತಿದ್ದ ಕಂಚಲಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಲೆ ಉರುಳಿಸುವ ಮಾತು ಅವಳದಲ್ಲ, ಅಪ್ಪನದು. ಒಗಟು ಮಾತ್ರ ಅವಳವು. ನಿಜ ಹೇಳಬೇಕೆಂದರೆ ಅವು ಒಗಟೂ ಅಲ್ಲ, ಅವಳ ರೋಗ. ಬಾಯಿಬಿಟ್ಟು ಹೇಳಲು ನಾಚಿಕೆ, ಹೇಳದಿದ್ದರೆ ಸಾಯುತ್ತೇನೆಂಬ ಹೆದರಿಕೆ. ಯಾರಾದರೂ ತಾವಾಗಿಯೇ ಕಂಡುಹಿಡಿಯಲಿ ಎಂದು ರೋಗವನ್ನೇ ಒಗಟು ಮಾಡಿದ್ದಳು.

ಅದು ಅಂತಿಂಥ ಅಸಹ್ಯವಲ್ಲ. ನಾಲಿಗೆಯ ಮೇಲೆ ಒಡೆದ ಹಾಲಿನಂಥ ಬಿಳಿ ಪದರ. ಕೆರೆದರೆ ಕೆಳಗೆ ಹಸಿ ಕೆಂಪು, ಉರಿ. ಎದೆಯ ಕೆಳಗೆ, ತೊಡೆಸಂದಿಯಲ್ಲಿ ಚರ್ಮ ಬೆಂದು ಹುಳಿ ನಾತ. ಹೇಳಬಾರದ ಕಡೆಯೂ ಅದೇ ಕೆರೆತ, ಅದೇ ಒಡೆದ ಬಿಳುಪು. ತನ್ನ ಮೈಯನ್ನು ತಾನೇ ಮುಟ್ಟಲು ಅವಳಿಗೆ ಹೇಸಿಗೆಯಾಗುತ್ತಿತ್ತು.

ಅರಮನೆಯ ಮಡಿಯೂ ಆ ರೋಗಕ್ಕೆ ತಕ್ಕ ಹಾಗೇ ಇತ್ತು. ಆ ಮನೆತನದ ಹೆಣ್ಣು ಮಿಂದು ಒದ್ದೆ ಪಟ್ಟೆ ಉಟ್ಟರೆ ಸಂಜೆಯವರೆಗೆ ಬಿಚ್ಚುವಂತಿಲ್ಲ. ಒಣಗಿತೋ, ಮಡಿ ಕೆಟ್ಟಿತೆಂದು ದಾಸಿಯರು ಓಡಿಬಂದು ನೀರು ಚಿಮುಕಿಸುತ್ತಿದ್ದರು. ಬಾಯಾರಿದರೆ ಜೇನಿನ ಪಾನಕ. ಅವಳಿಗೋ ಎಷ್ಟು ಕುಡಿದರೂ ತೀರದ ದಾಹ. ರಾಜವೈದ್ಯರು ಪರದೆಯಾಚೆ ಕೂತು, ಅವಳ ಮಣಿಕಟ್ಟಿಗೆ ಕಟ್ಟಿದ ನೂಲಿನ ತುದಿ ಹಿಡಿದು ನಾಡಿ ನೋಡುತ್ತಿದ್ದರು. "ಉಷ್ಣ. ಜೇನು ಹೆಚ್ಚಲಿ, ಇನ್ನೊಂದು ಸ್ನಾನವಾಗಲಿ" ಎನ್ನುತ್ತಿದ್ದರು. ಥೂ, ನೂಲಿಗೆ ನಾಲಿಗೆ ಕಾಣುತ್ತದೆಯೇ?

ಬಂದರು ನೋಡಿ ವರಮಹಾಶಯರು, ಅತ್ತರು ಬಳಿದುಕೊಂಡು.

"ಹಾಲಿಲ್ಲದೆ ಕಟ್ಟಿದ ಕೆನೆ, ತೆಗೆದರೆ ಕೆಳಗೆ ಕೆಂಪು. ಏನದು?" ಎಂದಳು ಪರದೆಯ ಹಿಂದಿನಿಂದ ಕಂಚಲಾದೇವಿ.

"ದೇವಿಯ ಕೆಂದುಟಿಯ ಮೇಲಿನ ಬೆಳದಿಂಗಳು!" ಎಂದ ಮೊದಲನೆಯವನು. ಭಟರು ಅವನನ್ನು ಎಳೆದೊಯ್ದರು.

ಎರಡನೆಯವನು ಅದಕ್ಕೆ ದಾಳಿಂಬೆ ಹೂವಿನ ಮೇಲಿನ ಮಂಜು ಎಂದು ಸೆರೆಮನೆ ಸೇರಿದ. ಮೂರನೆಯವನು ಎಲ್ಲ ಒಗಟನ್ನೂ ಕೇಳಿಯೇ ಹೇಳುತ್ತೇನೆಂದ. ಕಂಚಲಾದೇವಿ ಉಳಿದೆರಡನ್ನೂ ಹಾಕಿದಳು.

"ತೊಳೆದಷ್ಟೂ ಹೆಚ್ಚುವ ಹುಳಿ ನಾತ ಯಾವುದು? ಬೆಲ್ಲ ಚೆಲ್ಲದ ನನ್ನ ಬಚ್ಚಲಿಗೆ ಇರುವೆ ಸಾಲುಗಟ್ಟಿ ಬರುತ್ತವೆ, ಯಾರು ಕರೆದರು?"

"ಕೆನೆ ದೇವಿಯ ಕೀರ್ತಿ, ನಾತ ಶತ್ರುಗಳದು. ಇರುವೆ ಬರುವುದು ದೇವಿಯ ಪಾದ ತೊಳೆದ ನೀರಿನ ಸವಿಗೆ!"

ಅಂದು ಸಂಜೆಯೊಳಗೆ ಸೆರೆಮನೆ ತುಂಬಿತು. ತನ್ನ ಕೆರೆತಕ್ಕೆ ಇನ್ನೊಬ್ಬರ ತಲೆ ಹೋಗುವುದನ್ನು ನೆನೆದು ಕಂಚಲಾದೇವಿಗೆ ಅನ್ನ ಸೇರದಾಯಿತು.

ಮರುದಿನ, ಮೂರೂ ಒಗಟು ಊರೆಲ್ಲ ಹರಡಿದ ಮೇಲೆ, ಅರಮನೆಯ ಬಟ್ಟೆ ಒಗೆಯುವ ಚಿಕ್ಕೀರ ಸಭೆಗೆ ಬಂದ. ಮೊಣಕಾಲವರೆಗೆ ಒದ್ದೆ. ಸಭೆಯವರು ಮೂಗು ಮುಚ್ಚಿಕೊಂಡು ನಕ್ಕರು.

"ಬುದ್ಧೀ, ಮೊದಲ್ನೇದು ನಾಲ್ಗೆ ಮ್ಯಾಲೆ ಬೆಳ್ಳಗೆ ಕಟ್ಟೋ ಅಗ್ರು" ಎಂದ. "ಎರಡ್ನೇದು ಮೈ ಸಂದೀಲಿ ಒದ್ದೆ ನಿಂತು ಬೆಂದ ಚರ್ಮದ ನಾತ. ಒರೆಸಿ ಒಣಗಿಸ್ದೆ ಬರೀ ತೊಳೀತಿದ್ರೆ ಹೆಚ್ಚದೆ ಇನ್ನೇನಾದಾತು? ಎರಡೂ ಒಂದೇ ಕಾಯ್ಲೆ."

"ಕಾಯಿಲೆಯೇ!" ಅರಸ ಎದ್ದು ನಿಂತ. "ಯಾರ ನಾಲಿಗೆಯ ಮಾತಾಡುತ್ತಿದ್ದೀಯೋ?"

ಚಿಕ್ಕೀರ ಕಾಲೆತ್ತಿ, ಬೆರಳುಗಳನ್ನು ಅಗಲಿಸಿ ತೋರಿಸಿದ. ಸಂದಿಯಲ್ಲಿ ಬಿಳಿಚಿ, ಬೆಂದು, ಸಿಪ್ಪೆ ಸುಲಿದ ಚರ್ಮ. ಮಂತ್ರಿ ಉತ್ತರೀಯದಲ್ಲಿ ಮುಖ ಹುದುಗಿಸಿದ. ಸೇನಾಪತಿ ಹೊರಗೆ ಓಡಿದ.

"ದಿನಾ ನೀರಾಗೆ ನಿಂತು ನನ್ಗೂ ಹಿಂಗೇ ಆಗದೆ. ಇಡ್ಲಿ ಹಿಟ್ಟು ಹುದುಗು ಬತ್ತದಲ್ಲ ಬುದ್ಧಿ, ಅಂಥದೇ ಒಂದು ಹುದುಗು ನಮ್ ಮೈಯಾಗೂ ಇರ್ತದೆ. ಒಸಿ ಇದ್ರೆ ತೊಂದ್ರೆ ಇಲ್ಲ. ಒದ್ದೆ, ಶಾಖ, ಸಿಹಿ ಮೂರೂ ಸಿಕ್ತು ಅನ್ನಿ, ಪಾತ್ರೆ ದಾಟಿ ಉಕ್ತದೆ."

"ಇರುವೆ?" ಎಂದಳು ಪರದೆಯಾಚೆಯಿಂದ ಕಂಚಲಾದೇವಿ.

"ಅವ್ವಾರೇ, ನಮ್ಮಜ್ಜಿ ಸೀರೆಗೂ ಹಿಂಗೇ ಇರುವೆ ಮುತ್ಕೋತಿದ್ವು. ಉಚ್ಚೇಲಿ ಸಕ್ಕರೆ ಹೋಯ್ತದೆ ಅಂದ್ರು ನಮ್ಮೂರ ನಾಟಿವೈದ್ಯರು. ರಕ್ತದಾಗೆ ಸಿಹಿ ಏರಿದ್ರೆ ಬಾಯಾರಿಕೆ ತೀರಕ್ಕಿಲ್ಲ, ಈ ಹುದುಗಿಗಂತೂ ಹಬ್ಬ. ಅಜ್ಜಿ ಸಿಹಿ ಬಿಟ್ಟು, ಮದ್ದು ತಿಂದು ಉಳ್ಕೊಂಡ್ಲು. ಇಲ್ಲಿ ಬಟ್ಟೆ ಒಗ್ಯೋನು ನಾನೇ, ನಿಮ್ ಸೀರೆಗೂ ಇರುವೆ ಮುತ್ತೋದ್ನ ಕಂಡಿದ್ದೆ. ಕೇಳ್ದೆ ಹೇಳಿದ್ರೆ ನನ್ ನಾಲ್ಗೆ ಕೀಳ್ತಿದ್ರಿ. ಈಗ ನೀವೇ ಕೇಳಿದ್ರಿ."

"ಸುಳ್ಳು!" ಅರಸ ಕತ್ತಿಗೆ ಕೈ ಹಾಕಿದ. "ಇವನ ತಲೆ ತೆಗೆಯಿರಿ!"

ಭಟರು ಚಿಕ್ಕೀರನ ಜುಟ್ಟು ಹಿಡಿದರು. ಕಂಚಲಾದೇವಿ ಪರದೆ ಸರಿಸಿ ಸಭೆಯ ನಡುವೆ ಬಂದು ನಿಂತಳು. ಬಾಯಿಗೆ ಹಿಡಿದಿದ್ದ ಸೆರಗು ಬಿಟ್ಟಳು, ಬಾಯಿ ತೆರೆದು ನಾಲಿಗೆ ಹೊರಚಾಚಿದಳು. ಸಭೆ ಹೇಸಿ ಮುಖ ತಿರುಗಿಸಿತು. ಅರಸನೂ ತಿರುಗಿಸಿದ. ಚಿಕ್ಕೀರನೊಬ್ಬ ಬಗ್ಗಿ ನೋಡಿ, "ಅಯ್ಯೋ, ಎಷ್ಟು ಉರೀತದೋ ಏನೋ" ಎಂದ. ಅವಳಿಗೆ ಅಳು ಬಂತು.

ರಾಜವೈದ್ಯರು ನೂಲು ಬಿಸಾಕಿ ಅಂದೇ ಮೊದಲ ಸಲ ಅವಳ ಬಾಯಿ ನೋಡಿದರು. ಕಣ್ಣಾರೆ ಕಂಡ ಮೇಲೆ ಮದ್ದು ಗೊತ್ತಿಲ್ಲದವರೇನಲ್ಲ. ಬಾಯಿಗೆ ಲೇಪ, ಸಂದಿಗೆ ಪುಡಿ, ಸಿಹಿಮೂತ್ರಕ್ಕೆ ಕಹಿ ಕಷಾಯ. ಪಾನಕ ನಿಂತಿತು.

"ಕೈ ಬೇಕೋ, ಬೇಡಿದ್ದು ಬೇಕೋ?" ಎಂದ ಅರಸ, ಚಿಕ್ಕೀರನ ಕಾಲಿನತ್ತ ನೋಡದೆ.

"ಸೆರೇಲಿರೋರ್ನ ಬಿಡಿ ಬುದ್ಧಿ. ಬಟ್ಟೆ ಬಿಸ್ಲಾಗೆ ಒಣಗ್ಸಿ ಕೊಡ್ತೀನಿ, ಅದ್ನೇ ಮಡಿ ಅನ್ನಿ. ಆಮ್ಯಾಕೆ ಕೆರೆ ದಡದಾಗೆ ಒಂದು ಕಲ್ಲಿನ ಜಗ್ಲಿ ಕಟ್ಸಿ. ನೀರಾಗೆ ನಿಲ್ದಂಗೆ ಒಗೀತೀವಿ."

ಜಗಲಿ ಕಟ್ಟಿ ಮುಗಿದ ದಿನ ಕಂಚಲಾದೇವಿ ಬಿಸಿಲಿನ ವಾಸನೆಯ ಒಣ ಸೀರೆಯುಟ್ಟು ಅಲ್ಲಿಗೆ ಬಂದಳು. ಒಂದೂರಿನ ಉಂಬಳಿಯ ತಾಮ್ರಪಟವನ್ನು ಚಿಕ್ಕೀರನ ಕೈಗಿಟ್ಟಳು. ಜೊತೆಗೆ ತಾನು ಹಚ್ಚಿಕೊಳ್ಳುತ್ತಿದ್ದ ಪುಡಿಯ ಭರಣಿಯನ್ನೂ ಕೊಟ್ಟು, "ಕಾಲು ಒರೆಸಿಕೊಂಡು ಹಚ್ಚಿಕೋ" ಎಂದಳು.

"ನಿಮ್ಮ ನಾಲ್ಗೆ ಹೆಂಗದೆ ಅವ್ವಾರೇ?"

ಅವಳು ಸುತ್ತ ನಿಂತವರನ್ನು ಲೆಕ್ಕಿಸದೆ ನಾಲಿಗೆ ಚಾಚಿ ತೋರಿಸಿದಳು. ಎಲ್ಲರ ನಾಲಿಗೆಯ ಹಾಗೇ ಕೆಂಪಗಿತ್ತು.